ಮಾಸ್ತರರ ಸೊಟ್ಟ ಬೆರಳು

ಮಾಸ್ತರರ ಬಲಗೈಯ ತೋರುಬೆರಳು ನಡುಗೆಣ್ಣಿನಿಂದ ಬಲಕ್ಕೆ ವಾಲಿಕೊಂಡಿತ್ತು. ಕಾಲೇಜಿನ ವಾಲಿಬಾಲ್ ತಂಡದಲ್ಲಿ ಅವರು ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ. ಯಾವುದೋ ಫೈನಲ್ಲಿನ ಹಿಂದಿನ ದಿನ ಬೆರಳು ಮುರಿದಿತ್ತು. ಯಾರಿಗೂ ಹೇಳದೆ, ಐಸ್‌ಕ್ಯಾಂಡಿ ಕಡ್ಡಿ ಕಟ್ಟಿಕೊಂಡು ಆಡಿದ್ದರು. ಎಲುಬು ಹಾಗೇ ಸೊಟ್ಟಗೆ ಕೂಡಿಕೊಂಡಿತು. ಆದ್ದರಿಂದ ಅವರು ಏನನ್ನು ತೋರಿಸಿದರೂ ಬೆರಳು ಹೇಳಿದ ಕಡೆ ನೋಡುವಂತಿರಲಿಲ್ಲ, ಅದಕ್ಕಿಂತ ಚೂರು ಎಡಕ್ಕೆ ನೋಡಬೇಕಿತ್ತು. ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಒಮ್ಮೆ ಅವರು ಕೇಸರಿಯ ಡಬ್ಬಿ ತೋರಿಸಿ ಕೇಳಿದರೆ ಅಂಗಡಿಯವನು ಪಕ್ಕದ ಒಣನಿಂಬೆ ತೂಗಿ ಕಟ್ಟಿಯೇಬಿಟ್ಟ. ಮಾಸ್ತರು ಅದನ್ನೂ ತಗೊಂಡರು. “ಅವನದ್ದು ತಪ್ಪಿಲ್ಲ ಅಕ್ಕ, ನನ್ನ ಬೆರಳಿನದ್ದು” ಎಂದರು. ಆ ಒಣನಿಂಬೆ ಏನು ಮಾಡುವುದೆಂದು ತಿಳಿಯದೆ ವರ್ಷಗಟ್ಟಲೆ ನನ್ನ ಅಡುಗೆಮನೆಯಲ್ಲಿತ್ತು.

ಅದೇ ಊರಿನ ಅಲ್ ಹಿಲಾಲ್‌ನಲ್ಲಿ ಒಂದು ಹಳೆಯ ವಿಲ್ಲಾವನ್ನು ಗೋಡೆ ಹಾಕಿ ಹೋಳು ಹೋಳು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮದು ಮುಂದಿನ ಹೋಳು, ಹಿತ್ತಲ ಕಡೆಯ ಒಂದು ಕೋಣೆ ಮಾಸ್ತರರದು. ನಾವು ಧಾರವಾಡದವರು, ನಮ್ಮ ಮನೆಯವರು ಮೆಸಯೀದಿನ ಕಾರ್ಖಾನೆಯಲ್ಲಿ ಎಂಜಿನಿಯರು, ದಿನಾ ನಸುಕಿನಲ್ಲಿ ಕಂಪನಿ ಬಸ್ಸು ಹಿಡಿಯುವವರು. ಮಾಸ್ತರು ಮೂಡಬಿದಿರೆಯವರು, ಮನೆಮಾತು ತುಳು, ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಪಿ.ಟಿ. ಕಲಿಸುತ್ತಿದ್ದರು. ಹೆಂಡತಿಗೆ ಊರಲ್ಲಿ ಸರಕಾರಿ ಶಾಲೆಯ ಕೆಲಸ, ಬಿಟ್ಟು ಬರುವಂತಿರಲಿಲ್ಲ. ಶುಕ್ರವಾರ ಬೆಳಗಿನ ತಿಂಡಿ ನಮ್ಮಲ್ಲೇ. ನಾನು ಮಂಡಕ್ಕಿ ಸುಸಲಾ ಮಾಡಿದರೆ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, “ಇದು ಎಂತ ಅಕ್ಕ, ಗಾಳಿಗೆ ಒಗ್ಗರಣೆ ಹಾಕಿದ್ದಾ?” ಎನ್ನುವರು. ಆಮೇಲೆ ಎರಡನೆಯ ಸಲ ಹಾಕಿಸಿಕೊಳ್ಳುವರು.

ಅವರಿಗೆ ಅಮೆರಿಕದ ಆಟದ ಹುಚ್ಚು ಹಿಡಿದದ್ದು ಮೆಸಯೀದಿನಲ್ಲಿ. ಪ್ರತಿ ಶನಿವಾರ ಅಲ್ಲಿನ ಕಂಪನಿ ವಸತಿಯ ಮಕ್ಕಳಿಗೆ ಆಟ ಕಲಿಸಲು ಅವರನ್ನು ಗಾಡಿ ಬಂದು ಕರೆದೊಯ್ಯುತ್ತಿತ್ತು. ಅಲ್ಲಿ ನಮ್ಮವರ ಮ್ಯಾನೇಜರು, ಒಬ್ಬ ಅಮೆರಿಕದವರು, ಹುಲ್ಲಿನ ಮೇಲೆ ಗೆಳೆಯನ ಜೊತೆ ಚೆಂಡು ಎಸೆದಾಡುತ್ತಿದ್ದರಂತೆ. ಮಾಸ್ತರು ನೋಡಿ, “ಸಾರ್, ನೀವು ಕೈಯಿಂದ ಎಸೀತೀರಿ, ಕಾಲಿಂದ ಎಸೀರಿ” ಎಂದರಂತೆ. ಸಾಹೇಬರು ಎಡಗಾಲು ಸರಿಮಾಡಿಕೊಂಡು ಎಸೆದರು. ಚೆಂಡು ಬೇಲಿ ದಾಟಿತು. ಅಂದಿನಿಂದ ಸ್ನೇಹ.

ಅಮೆರಿಕದವರ ಫುಟ್‌ಬಾಲ್ ಹೆಸರಿಗೆ ಮಾತ್ರ ಫುಟ್‌ಬಾಲ್. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ, ಆಟ ಹೆಚ್ಚಾಗಿ ಕೈಯಲ್ಲಿ. ಕ್ವಾರ್ಟರ್‌ಬ್ಯಾಕ್ ಎಂದು ಒಬ್ಬನಿರುತ್ತಾನೆ. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಿನ ದಾಂಡಿಗರು ಅವನನ್ನು ಕೆಡವಲು ನುಗ್ಗುವಷ್ಟರಲ್ಲಿ, ತನ್ನವರಲ್ಲಿ ಯಾರು ಬಿಡುವಾಗಿ ಓಡುತ್ತಿದ್ದಾನೆಂದು ನೋಡಿ ಅವನಿಗೆ ಎಸೆಯಬೇಕು. ಕಾಲೇಜಿನಲ್ಲಿ ಹೀಗೆ ಆಡಿದ ಹುಡುಗರನ್ನು ಪ್ರತಿ ಏಪ್ರಿಲ್‌ನಲ್ಲಿ ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳು ಎರಡು ದಿನ ಕೂತು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಯಾವ ಹುಡುಗ ಮೊದಲು ಹೋಗುತ್ತಾನೆ, ಯಾವನು ಹೋಗಿ ಉಳಿಯುತ್ತಾನೆ, ಯಾವನು ಹೋಗಿ ಬೀಳುತ್ತಾನೆ ಎಂದು ಮುಂಚೆಯೇ ಹೇಳುವುದು ಅಲ್ಲಿ ದೊಡ್ಡ ವಿದ್ಯೆ. ಸಾಹೇಬರಿಗೂ ಮಾಸ್ತರರಿಗೂ ಚಳಿಗಾಲವಿಡೀ ಇದೇ ಪಂದ್ಯ.

ಸಾಹೇಬರು ಕಾಲೇಜು ಆಟಗಳ ಟೇಪು ತರಿಸಿ ನಮ್ಮವರ ಕೈಯಲ್ಲಿ ಕಳಿಸುವರು. ಅಮೆರಿಕದ ಟೇಪು ಓಡುವ ವಿಸಿಆರ್ ಇದ್ದದ್ದು ನಮ್ಮ ಹಾಲಿನಲ್ಲಿ. ಮಾಸ್ತರು ಶುಕ್ರವಾರ ತಿಂಡಿ ಮುಗಿಸಿ, “ಯಲ್ಲಾ, ಸುರು ಮಾಡುವ” ಎಂದು ನೆಲದ ಮೇಲೆ ಕೂರುವರು. ಮೊದಲ ಕೆಲಸ ಹಿಂದಿನ ದಿನದ ಇಂಗ್ಲಿಷ್ ಪತ್ರಿಕೆಯನ್ನು ಟಿ.ವಿ. ಪರದೆಯ ಮೇಲರ್ಧಕ್ಕೆ ಅಂಟಿಸುವುದು. ಎಸೆತವೂ ಕಾಣದು, ಹಿಡಿತವೂ ಕಾಣದು, ಬರೇ ಕಾಲುಗಳು.

“ಚೆಂಡು ನೋಡ್ಬೇಡಿ ಅಕ್ಕ. ಚೆಂಡು ನೋಡಿದ್ರೆ ಗೆದ್ದವ ಒಳ್ಳೆಯವ, ಸೋತವ ಕೆಟ್ಟವ ಅಂತ ಕಾಣ್ತದೆ. ಕಾಲು ನೋಡಿ. ದಾಂಡಿಗ ಮೈಮೇಲೆ ಬಂದಾಗ ಈ ಕಾಲು ಹೆದರಿ ಕುಣೀತದಾ, ಗುದ್ದಲಿ ನೆಟ್ಟ ಹಾಗೆ ನಿಲ್ತದಾ?”

ನಮ್ಮವರು ದಿವಾನದ ಮೇಲಿಂದ, “ಮಾಸ್ತರ, ಅರ್ಧಾ ಟಿ.ವಿ. ಮುಚ್ಚೂದಿದ್ದರ ನಾ ಅರ್ಧಾ ರೊಕ್ಕಕ್ಕ ತರತಿದ್ದೆ” ಎನ್ನುವರು.

“ನೀವು ಸುಮ್ಮನಿರಿ ಮಾರಾಯ್ರೆ. ಈ ಮನೆಯಲ್ಲಿ ನೋಡ್ಲಿಕ್ಕೆ ಗೊತ್ತಿರುದು ಅಕ್ಕನಿಗೆ ಮಾತ್ರ.”

ನನಗೆ ಏನು ಗೊತ್ತಿತ್ತು? ಹಾಲು ಉಕ್ಕುವ ಮುಂಚೆ ಅದರ ಅಂಚು ಹೇಗೆ ಸುಕ್ಕಾಗುತ್ತದೆ ಎಂಬುದು ಗೊತ್ತಿತ್ತು. ಕೆಲಸದಿಂದ ಬಂದವರು ಬೂಟು ಬಿಚ್ಚುವ ಸದ್ದಿನಲ್ಲೇ ಆ ದಿನ ಹೇಗಿತ್ತೆಂದು ತಿಳಿಯುತ್ತಿತ್ತು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಮಾಸ್ತರು ಮಾತ್ರ ಟೇಪು ನಿಲ್ಲಿಸಿ, “ಅಕ್ಕ, ಇವ ಹೇಗೆ?” ಎಂದು ಕೇಳುವರು, ನಾನು, “ಇವ ಒಂದ ಕಡೆ ನೋಡಿ ಅಲ್ಲೇ ಒಗೀತಾನ್ರೀ, ಇನ್ನೊಂದು ಕಡೆ ಹೊಳ್ಳಿ ನೋಡೂದಿಲ್ಲ” ಎಂದರೆ ತೊಡೆ ತಟ್ಟಿ ನಗುವರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನನಗೂ ಅದರ ಗುಂಗು ಹಿಡಿದಿತ್ತು. ಗುರುವಾರ ರಾತ್ರಿಯೇ ಮಂಡಕ್ಕಿ ಆರಿಸಿಟ್ಟು, ಶುಕ್ರವಾರ ಬೇಗ ಏಳುತ್ತಿದ್ದೆ.

ಅವರ ಕೊನೆಯ ಪರೀಕ್ಷೆ ಕಾಲಿನದಲ್ಲ. ಎಸೆದ ಚೆಂಡು ಎದುರಾಳಿಯ ಪಾಲಾದಾಗ ಪತ್ರಿಕೆಯನ್ನು ಕಿತ್ತು ತೆಗೆಯುವರು. “ಈಗ ಮೇಲೆ ನೋಡುವ. ಇವ ಬೆರಳು ಯಾರ ಕಡೆ ಮಾಡ್ತಾನೆ? ತಪ್ಪು ಓಡಿದ ಗೆಳೆಯನ ಕಡೆ ಮಾಡಿದ್ರೆ ಖಲಾಸ್, ಅವ ಎಷ್ಟು ದೂರ ಎಸೆದ್ರೂ ನನಗೆ ಬೇಡ. ತನ್ನ ಎದೆಗೆ ಬಡ್ಕೊಂಡ್ರೆ ಆಯ್ತು, ಹತ್ತು ಮಂದಿ ಅವನ ಹಿಂದೆ ಬರ್ತಾರೆ.”

ಅವರ ಮಾತು ಯಾವಾಗಲೂ ನಿಜವಾಗುತ್ತಿತ್ತೆಂದಲ್ಲ. ಒಬ್ಬ ಎತ್ತರದ ಹುಡುಗನನ್ನು ಹಾಡಿ ಹೊಗಳಿದರು. ಅವನು ದೊಡ್ಡ ತಂಡಕ್ಕೆ ಹೋಗಿ ಒಂದೇ ಚಳಿಗಾಲದಲ್ಲಿ ಮೂಲೆಗುಂಪಾದ. ಒಂದು ಶುಕ್ರವಾರ ಸಾಹೇಬರು ಮೀನು ಮಾರುಕಟ್ಟೆಗೆ ಬಂದವರು ನಮ್ಮ ಮನೆಗೂ ಬಂದು ಕೆಣಕಿದಾಗ ಮಾಸ್ತರು, “ನನ್ನ ತಪ್ಪು. ಅವನ ಕೈ ನೋಡಿ ಮರುಳಾದೆ” ಎಂದು ಎದೆ ಮುಟ್ಟಿಕೊಂಡರು. ಆ ಬೆರಳು ಎದೆಗೆ ಬದಲು ಭುಜಕ್ಕೆ ತಾಗುತ್ತಿತ್ತು.

ಏಷ್ಯಾ ಕ್ರೀಡಾಕೂಟಕ್ಕೆಂದು ದೋಹಾವನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಡಿಸೆಂಬರಿನಲ್ಲಿ ನಮ್ಮವರು ಊಟದ ಚೀಲದ ತುಂಬ ಟೇಪು ತಂದರು, ಮುಖ ಸಣ್ಣಗಿತ್ತು.

“ಈ ಸಲ ಸಾಹೇಬರ ಸ್ವಂತ ಮಗಂದು” ಎಂದರು. “ನನ್ನ ಮಗ ಅಂತ ತಿಳೀಬ್ಯಾಡ್ರಿ, ಖರೇ ಹೇಳ್ರಿ ಅಂದಾರ ಮಾಸ್ತರಗ.”

ಸಾಹೇಬರ ಹೆಂಡತಿ ಮಗನ ಓದಿಗೆಂದು ಅಮೆರಿಕದಲ್ಲೇ ಇದ್ದರು. ಹುಡುಗ ಕಾಲೇಜಿನ ಮೂರನೆಯ ವರ್ಷದಲ್ಲಿದ್ದ. ಬೇಕಿದ್ದರೆ ಈ ಏಪ್ರಿಲ್ಲಿಗೇ ಡ್ರಾಫ್ಟಿಗೆ ಹೆಸರು ಕೊಡಬಹುದು, ಇಲ್ಲವೇ ಇನ್ನೊಂದು ವರ್ಷ ಕಾಲೇಜಿಗೆ ಆಡಬಹುದು. ಹೆಸರು ಕೊಟ್ಟರೆ ಕಾಲೇಜಿನ ಆಟ ಮುಗಿದಂತೆ, ಹಿಂದಿರುಗುವಂತಿಲ್ಲ. ಜನವರಿ ನಡುವಿನೊಳಗೆ ತೀರ್ಮಾನಿಸಬೇಕು. ಮೊದಲ ದಿನವೇ ಆರಿಸಿಕೊಳ್ಳುತ್ತಾರೆ, ಹೊರಡು ಎಂದು ಸುತ್ತಲಿದ್ದವರೆಲ್ಲ ಹುಡುಗನ ಬೆನ್ನು ಹತ್ತಿದ್ದರು.

ಕಾಲೇಜಿನವರ ಟೇಪುಗಳಲ್ಲಿ ಹುಡುಗ ಬಹಳ ಚೆನ್ನಾಗಿದ್ದ. ಕಾಲು ನೆಟ್ಟಗೆ, ನೋಟ ಎರಡೂ ಕಡೆ. ಆದರೆ ಮಾಸ್ತರರಿಗೆ ಸಮಾಧಾನವಿಲ್ಲ. ಆ ಟೇಪುಗಳಲ್ಲಿ ಒಂದು ಆಟಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವನ್ನು ಕತ್ತರಿಸಿ ತೆಗೆದಿದ್ದರು.

“ಚೆಂಡು ನಿಂತ ಮೇಲೆ ಹುಡುಗ ಎಂತ ಮಾಡ್ತಾನೆ, ನನಗೆ ಅದು ಬೇಕು. ಇದು ಮದುವೆ ಆಲ್ಬಮ್ ನೋಡಿ ಹುಡುಗಿ ಒಪ್ಪಿದ ಹಾಗೆ ಆಯ್ತು.”

ಅವರು ಕೇಳಿದ್ದಕ್ಕೆ ಸಾಹೇಬರು ತಮ್ಮ ಹೆಂಡತಿ ಗ್ಯಾಲರಿಯಲ್ಲಿ ಕೂತು ಕೈಕ್ಯಾಮೆರಾದಲ್ಲಿ ತೆಗೆದದ್ದನ್ನು ತರಿಸಿಕೊಟ್ಟರು. ನಡುಗುವ ಚಿತ್ರ, ನಡುನಡುವೆ ಆಕೆಯದೇ ಕೂಗು. ಆ ತಾಯಿ ಚೆಂಡು ಎಲ್ಲಿ ಹೋಯಿತೆಂದು ಒಮ್ಮೆಯೂ ನೋಡಿರಲಿಲ್ಲ. ಆಟ ನಡೆಯಲಿ, ನಿಲ್ಲಲಿ, ಕ್ಯಾಮೆರಾ ಮಗನ ಮೇಲೆ ಮಾತ್ರ. ಮಾಸ್ತರು ಪತ್ರಿಕೆಯನ್ನು ಮಡಚಿಟ್ಟು ಎರಡೂ ಕೈ ಮುಗಿದರು. “ಇಂಥ ಟೇಪು ನಾನು ಇಷ್ಟು ದಿನ ನೋಡ್ಲೇ ಇಲ್ಲ ಅಕ್ಕ.”

ಹುಡುಗ ಒಳ್ಳೆಯವನು. ಚೆಂಡು ಕೈತಪ್ಪಿದಾಗ ತನ್ನ ಎದೆಗೇ ಬಡಿದುಕೊಂಡ. ಬಿದ್ದವರ ಹತ್ತಿರ ಓಡಿಹೋಗಿ ಕೈ ಕೊಟ್ಟು ಎಬ್ಬಿಸುತ್ತಿದ್ದ. ಮಾಸ್ತರು ಒಂದೊಂದಕ್ಕೂ ‘ಶಾಬಾಸ್’ ಎನ್ನುತ್ತ ಹಿಗ್ಗುತ್ತಿದ್ದರು. ನಾನು ಚಹಾದ ಕಪ್ಪು ಕೊಡುತ್ತ ಪರದೆಯನ್ನೇ ನೋಡುತ್ತಿದ್ದೆ, ಏನೋ ಕಣ್ಣಿಗೆ ಚುಚ್ಚುತ್ತಿತ್ತು.

“ಮಾಸ್ತರ, ಈ ಹುಡುಗ ಎಡಗೈ ಯಾಕ ಕೊಡತಾನ? ಮನ್ಯಾಗ ಯಾರೂ ಹೇಳಿಲ್ಲೇನು ಇವಗ?”

“ಅಮೆರಿಕದವರಿಗೆ ಎಡ ಬಲ ಎಲ್ಲ ಒಂದೇ ಅಕ್ಕ. ಅಲ್ಲಿ ಯಾರು ಪ್ರಸಾದ ಹಂಚ್ಲಿಕ್ಕುಂಟು?” ಎಂದು ನಕ್ಕರು. ನಮ್ಮವರೂ ನಕ್ಕು, “ಇಕಿ ಅಲ್ಲೂ ಶಾಸ್ತ್ರ ಹುಡುಕತಾಳ” ಎಂದರು.

ಮಾಸ್ತರರ ನಗು ಅರ್ಧಕ್ಕೆ ನಿಂತಿತು. ಕಪ್ಪು ಕೆಳಗಿಟ್ಟು, ಆ ಟೇಪು ತೆಗೆದು ತಾಯಿಯದೇ ಮೊದಲಿನ ಟೇಪು ಹಾಕಿದರು. ಅದು ಸೆಪ್ಟೆಂಬರಿನ ಆಟ. ಹುಡುಗ ಬಿದ್ದವನಿಗೆ ಕೈ ಕೊಟ್ಟ. ಬಲಗೈ. ಇನ್ನೊಬ್ಬನಿಗೆ ಕೊಟ್ಟ. ಬಲಗೈ. ಮತ್ತೆ ಅಕ್ಟೋಬರಿನದು ಹಾಕಿದರು. ಒಂದು ಕಡೆ ಇಬ್ಬರು ದಾಂಡಿಗರು ಅವನನ್ನು ಬಲ ಮಗ್ಗುಲಿಗೆ ಕೆಡವಿದರು. ಎದ್ದ, ಹೆಲ್ಮೆಟ್ ಸರಿಮಾಡಿಕೊಂಡ. ಅಲ್ಲಿಂದ ಮುಂದೆ ಬರೇ ಎಡಗೈ. ಎಡ ಮೊಣಕೈ ಊರಿ ಏಳುವುದು, ಗೆಳೆಯರ ಅಂಗೈಗೆ ಎಡಗೈ ತಟ್ಟುವುದು. ದೂರದ ಎಸೆತವಾದ ಕೂಡಲೇ ಬಲಗೈ ಹೆಬ್ಬೆರಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ ನಿಲ್ಲುವುದು, ಏನೂ ಆಗದವರ ಹಾಗೆ.

“ಭುಜ ಹೋಗಿದೆ” ಎಂದರು ಮಾಸ್ತರು. ತಮ್ಮ ಸೊಟ್ಟ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು. “ಮುಚ್ಚಿಟ್ಟಿದ್ದಾನೆ. ಹೀಗೇ ಹೆಸರು ಕೊಟ್ರೆ ದೊಡ್ಡ ತಂಡದ ಡಾಕ್ಟರುಗಳು ಮುಟ್ಟಿ ನೋಡ್ತಾರೆ, ಆಗ ಯಾರಿಗೂ ಬೇಡದವ ಆಗ್ತಾನೆ. ಮುಟ್ಟದೆ ತಗೊಂಡ್ರೆ ಇನ್ನೂ ಕಷ್ಟ, ಆಡಿಸಿ ಮುರೀತಾರೆ.”

ನಮ್ಮವರು ಎದ್ದು ಕೂತರು. “ಅಲ್ರೀ ಮಾಸ್ತರ, ಇದನ್ನ ಸಾಹೇಬರಿಗೆ ಹೇಳ್ತೀರೇನು? ಸ್ವಂತ ಅಪ್ಪಗ ಗೊತ್ತಿಲ್ಲದ್ದು ಇಕಿ ಎಡಗೈ ಬಲಗೈ ನೋಡಿ ಹೇಳ್ಯಾಳ ಅಂತ? ನೀವು ಹೇಳೂದು ಹೇಳಿ ಹೊಕ್ಕೀರಿ, ರವಿವಾರ ಮುಂಜಾನೆ ಅವರ ಮುಂದ ನಿಲ್ಲಾಂವ ನಾ.”

“ಹೇಳದೆ ಹೇಗೆ ಮಾರಾಯ್ರೆ? ಖರೇ ಹೇಳಿ ಅಂತ ಕೇಳಿದ್ದಾರಲ್ಲ.”

ಜನವರಿಯ ಮೊದಲ ಶುಕ್ರವಾರ ಸಾಹೇಬರು ಖರ್ಜೂರದ ಡಬ್ಬಿ ಹಿಡಿದುಕೊಂಡು ನಗುನಗುತ್ತ ಬಂದರು. ಮಾಸ್ತರು ಮೊದಲು ಹೊಗಳಬೇಕಾದ್ದನ್ನು ಹೊಗಳಿದರು. ಆಮೇಲೆ ಎರಡು ಟೇಪು ಹಾಕಿ ತೋರಿಸಿದರು. ತಮ್ಮ ಬೆರಳು ಚಾಚಿ, “ನಾನೂ ಹೀಗೇ ಮುಚ್ಚಿಟ್ಟಿದ್ದೆ ಸಾರ್, ನೋಡಿ” ಎಂದರು. ಸಾಹೇಬರ ಬಿಳಿ ಮುಖ ಕೆಂಪಾಗುತ್ತ ಹೋಯಿತು. ಮಗ ವಾರಕ್ಕೆರಡು ಸಲ ಫೋನು ಮಾಡುತ್ತಾನೆ, ನೋವಿದ್ದರೆ ನನಗೆ ಹೇಳದೆ ಇರುತ್ತಾನೆಯೇ, ಅವನ ತರಬೇತುದಾರರಿಗೆ ಕಾಣದ್ದು ನಿಮಗೆ ಕಂಡಿತೇ ಎಂದರು. ಆಮೇಲೆ ಹಾಲಿನಲ್ಲಿದ್ದ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ದನಿ ತಗ್ಗಿಸಿ ಕೇಳಿದರು.

“ಇದನ್ನು ಮೊದಲು ಹೇಳಿದವರು ಯಾರು?”

ನಮ್ಮವರು ಕಾರ್ಪೆಟ್ಟಿನ ಹೂವು ನೋಡುತ್ತಿದ್ದರು. ನಾನು ಟ್ರೇ ಹಿಡಿದು ನಿಂತಿದ್ದೆ, ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರು ಎದ್ದು ನಿಂತು ಎದೆ ಮುಟ್ಟಿಕೊಂಡರು.

“ನಾನು. ಈ ಮನೆಯವರದ್ದು ಎಂತದ್ದೂ ಇಲ್ಲ, ಅವರು ಟಿ.ವಿ. ಕೊಟ್ಟದ್ದು ಮಾತ್ರ.”

ಸಾಹೇಬರು ಚಹಾ ಮುಟ್ಟದೆ ಹೋದರು. ಖರ್ಜೂರದ ಡಬ್ಬಿ ಅಲ್ಲೇ ಉಳಿಯಿತು, ಯಾರೂ ತೆರೆಯಲಿಲ್ಲ.

ಮರುದಿನ ಶನಿವಾರ. ಮಾಸ್ತರು ಟ್ರ್ಯಾಕ್‌ಸೂಟ್ ಹಾಕಿ, ಕೊರಳಿಗೆ ಸೀಟಿ ತೂಗಿಸಿಕೊಂಡು ಗೇಟಿನ ಹತ್ತಿರ ನಿಂತರು. ಮೆಸಯೀದಿನ ಗಾಡಿ ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಅವರ ಬೂಟಿನ ತನಕ ಬಂದ ಮೇಲೆ ಒಳಗೆ ಬಂದು, “ಅಕ್ಕ, ಗಾಳಿಗೆ ಒಗ್ಗರಣೆ ಹಾಕಿದ್ದು ಉಂಟಾ?” ಎಂದರು. ತಟ್ಟೆ ಕೊಟ್ಟೆ. “ನಿಮ್ಮ ತಪ್ಪಿಲ್ಲದ್ದಕ್ಕ ನೀವು ಯಾಕ ಹೊತ್ಕೊಂಡ್ರಿ?” ಎಂದು ಕೇಳಿದೆ. “ಮಂಡಕ್ಕಿ ಮೆತ್ತಗಾಗ್ತದೆ, ತಿನ್ಲಿಕ್ಕೆ ಬಿಡಿ” ಎಂದರು. ಆ ವಾರವೆಲ್ಲ ನಮ್ಮವರು ಬೂಟು ಬಿಚ್ಚುವ ಸದ್ದೇ ಕೇಳಿಸುತ್ತಿರಲಿಲ್ಲ, ಅಷ್ಟು ಮೆಲ್ಲಗೆ ಬಿಚ್ಚುತ್ತಿದ್ದರು. ಸಾಹೇಬರು ಆಫೀಸಿನಲ್ಲಿ ಅವರ ಜೊತೆ ಮಾತೇ ಆಡಿರಲಿಲ್ಲ. ಹೆಸರು ಕೊಡುವ ಗಡುವು ಹತ್ತಿರವಾಗುತ್ತಿತ್ತು, ನನಗೆ ಮಾತ್ರ ಆ ಕಾಣದ ತಾಯಿಯದೇ ಯೋಚನೆ. ಅಷ್ಟು ಹೊತ್ತು ಮಗನನ್ನೇ ನೋಡಿದವಳಿಗೆ ಇದು ಕಾಣದೆ ಇದ್ದೀತೇ ಎಂದುಕೊಳ್ಳುತ್ತಿದ್ದೆ.

ಮುಂದಿನ ಶನಿವಾರ ಗೇಟಿನ ಮುಂದೆ ಗಾಡಿಯ ಹಾರ್ನ್ ಕೇಳಿತು. ಕಿಟಕಿಯಿಂದ ನೋಡಿದರೆ ಡ್ರೈವರನ ಜಾಗದಲ್ಲಿ ಸಾಹೇಬರೇ ಕೂತಿದ್ದಾರೆ. ಇಳಿದು ಬಂದು ಮಾಸ್ತರರಿಗೆ ಮುಂದಿನ ಬಾಗಿಲು ತೆರೆದರು. ಮಾಸ್ತರು ಹತ್ತಿ ಕೂತು, ಗಾಡಿ ತಿರುಗುವಾಗ ಕಿಟಕಿಯಿಂದ ನನಗೆ ಹೆಬ್ಬೆರಳೆತ್ತಿ ತೋರಿಸಿದರು. ಆ ಬೆರಳು ನೆಟ್ಟಗಿತ್ತು.

ಆಮೇಲೆ ತಿಳಿದದ್ದು ಇಷ್ಟು. ಸಾಹೇಬರು ಮಗನಿಗೆ ಫೋನು ಮಾಡಿ, ಬಿದ್ದವರಿಗೆ ಎಡಗೈ ಏಕೆ ಕೊಡುತ್ತೀಯ ಎಂದಷ್ಟೇ ಕೇಳಿದರಂತೆ. ಅದನ್ನು ಕಂಡವರು ಯಾರು ಎಂದನಂತೆ ಮಗ. ಆ ಸಲ ಅವನು ಡ್ರಾಫ್ಟಿಗೆ ಹೆಸರು ಕೊಡಲಿಲ್ಲ. ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಮುಂದಿನ ಚಳಿಗಾಲ ಅವನು ಆಡಿದ್ದು ಅರ್ಧ ಆಟಗಳಷ್ಟೇ. ತಾಯಿಯ ಟೇಪುಗಳು ಬರುತ್ತಲೇ ಇದ್ದವು. ಮಾಸ್ತರು ಈಗ ಪತ್ರಿಕೆ ಅಂಟಿಸುವುದನ್ನು ಮರೆತು, ಹುಡುಗ ಯಾರಿಗಾದರೂ ಕೈ ಚಾಚಿದ ಕೂಡಲೇ “ಬಲಗೈ, ಅಕ್ಕ, ಬಲಗೈ” ಎಂದು ಕೂಗುವರು.

“ಮೊದಲ ದಿನ ಇವನ ಹೆಸರು ಬರುದಿಲ್ಲ” ಎಂದು ಮುಂದಿನ ಡ್ರಾಫ್ಟಿಗೆ ಮುಂಚೆ ಮಾಸ್ತರು ಸಾಹೇಬರಿಗೆ ಹೇಳಿದ್ದರು. “ಎರಡನೇ ದಿನ ಬರ್ತದೆ. ಇಲ್ಲಿ ರಾತ್ರಿ ಮಸೀದಿಯ ಇಶಾ ಬಾಂಗು ಆದ ಮೇಲೆ, ಅಕ್ಕ ಊಟಕ್ಕೆ ಕರೆಯುವ ಹೊತ್ತಿಗೆ.”

ಏಪ್ರಿಲ್ಲಿನ ಆ ಎರಡನೆಯ ದಿನ ಭಾನುವಾರ, ಇಲ್ಲಿ ಕೆಲಸದ ದಿನ. ಸಾಹೇಬರು ಕಾರ್ಖಾನೆಯಿಂದ ನೇರವಾಗಿ ನಮ್ಮ ಮನೆಗೇ ಬಂದರು, ನಮ್ಮವರನ್ನೂ ತಮ್ಮ ಕಾರಿನಲ್ಲೇ ಕರೆತಂದರು. ಡಿಶ್ಶಿನ ಚಾನೆಲ್ಲಿನಲ್ಲಿ ಹೆಸರುಗಳು ಪರದೆಯ ಕೆಳಗೆ ಓಡುತ್ತಿದ್ದವು. ಒಂದು ತಂಡ ಕ್ವಾರ್ಟರ್‌ಬ್ಯಾಕ್ ಆರಿಸಿತು, ಬೇರೆಯವನು. ಇನ್ನೊಂದು ತಂಡ ಆರಿಸಿತು, ಅವನೂ ಬೇರೆಯವನು. ಸಾಹೇಬರು ಸೋಫಾದ ಅಂಚಿನಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಮಾಸ್ತರು ನಿಂತಲ್ಲೇ ಕಾಲು ಬದಲಿಸುತ್ತಿದ್ದರು.

“ಕಾಲು ಕುಣಿಯಾಕತ್ತಾವ ಮಾಸ್ತರ, ನೀವು ದೊಡ್ಡ ತಂಡಕ್ಕ ಆಗೂದಿಲ್ಲ” ಎಂದರು ನಮ್ಮವರು.

ಇಶಾ ಬಾಂಗು ಮುಗಿಯಿತು. ಸುಮ್ಮನೆ ಕೂರಲಾಗದೆ ನಾನು ಮಿರ್ಚಿ ಭಜಿಗೆ ಹಿಟ್ಟು ಕಲಸುತ್ತಿದ್ದೆ. ಎಣ್ಣೆ ಕಾಯುವಷ್ಟರಲ್ಲಿ ಹಾಲಿನಿಂದ ಒಂದು ಸದ್ದು ಕೇಳಿತು, ಅಳುವೋ ನಗುವೋ ತಿಳಿಯಲಿಲ್ಲ. ಓಡಿಬಂದೆ. ಪರದೆಯ ಕೆಳಗೆ ಹುಡುಗನ ಹೆಸರು ಓಡುತ್ತಿತ್ತು. ಸಾಹೇಬರು ಮಾಸ್ತರರನ್ನು ಅಪ್ಪಿಕೊಂಡು ನೆಲದಿಂದ ಎತ್ತಿಬಿಟ್ಟಿದ್ದರು. ನಮ್ಮವರು ತಮ್ಮ ಮ್ಯಾನೇಜರರ ಬೆನ್ನಿಗೆ ದಬದಬ ಗುದ್ದುತ್ತಿದ್ದರು. ಬೇರೆ ದಿನವಾಗಿದ್ದರೆ ಅವರ ಕೈ ಆ ಬೆನ್ನಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬರ ಮೊಬೈಲ್ ರಿಂಗಾಯಿತು. ಮಗ. ತಂದೆ ಮಗ ಇಬ್ಬರೂ ಮಾತಿಗಿಂತ ಹೆಚ್ಚು ಮೂಗು ಸೀಟಿದರು. ಆಮೇಲೆ ಸಾಹೇಬರು ಮಾಸ್ತರರಿಗೆ ಫೋನು ಕೊಟ್ಟರು. “ನಿಮಗೆ ಥ್ಯಾಂಕ್ಸ್ ಹೇಳಬೇಕಂತೆ. ನನ್ನ ಕೈ ಕಂಡವರ ಹತ್ತಿರ ಮಾತಾಡಬೇಕು ಅನ್ನುತ್ತಾನೆ.”

ಮಾಸ್ತರು ಫೋನು ತಗೊಳ್ಳಲಿಲ್ಲ. “ನಾನಲ್ಲ ಸಾರ್” ಎಂದು ಬಲಗೈ ಚಾಚಿ ತೋರಿಸಿದರು.

ಸಾಹೇಬರು ಬೆರಳು ತೋರಿಸಿದ ಕಡೆ ನೋಡಿದರು. ಅಲ್ಲಿ ನಮ್ಮ ಫ್ರಿಜ್ಜು ಇತ್ತು. ನಮ್ಮವರೂ ಫ್ರಿಜ್ಜು ನೋಡಿದರು. ಆ ಕೋಣೆಯಲ್ಲಿ ಆ ಬೆರಳು ಓದಲು ಬರುತ್ತಿದ್ದವಳು ನಾನೊಬ್ಬಳೇ. ಫ್ರಿಜ್ಜಿನಿಂದ ಚೂರು ಎಡಕ್ಕೆ ನಾನು ನಿಂತಿದ್ದೆ.

“ಅಕ್ಕ ಕಂಡದ್ದು” ಎಂದರು ಮಾಸ್ತರು, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. “ಆ ದಿನ ಹೇಳ್ಲಿಕ್ಕೆ ಆಗ್ಲಿಲ್ಲ.”

ಸಾಹೇಬರು ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಚಹಾ ಕೊಟ್ಟ ಮನೆಯಲ್ಲಿ ಅವರು ನನ್ನ ಮುಖವನ್ನು ಪೂರ್ತಿಯಾಗಿ ನೋಡಿದ್ದು ಅವತ್ತೇ ಇರಬೇಕು. ಎದ್ದು ಬಂದು ಎರಡೂ ಕೈಯಲ್ಲಿ ಫೋನು ಕೊಟ್ಟರು. ನನ್ನ ಬಲಗೈ ತುಂಬ ಕಡಲೆಹಿಟ್ಟು. ಎಡಗೈಯಲ್ಲೇ ಹಿಡಿದುಕೊಂಡೆ. ಹುಡುಗನ ದನಿ ಇನ್ನೂ ಎಳೆಯದಾಗಿತ್ತು. ಮ್ಯಾಡಂ, ಮ್ಯಾಡಂ ಎನ್ನುತ್ತಿದ್ದ. ನನ್ನ ಇಂಗ್ಲಿಷೆಲ್ಲ ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ, ಕೈ ಈಗ ಹೇಗಿದೆ ಎಂದು ಕೇಳಿದೆ, ಚೆನ್ನಾಗಿ ಊಟ ಮಾಡು ಎಂದೆ. ಅಡುಗೆಮನೆಯಲ್ಲಿ ಎಣ್ಣೆ ಹೊಗೆಯೇಳುತ್ತಿತ್ತು, ನಮ್ಮವರೇ ಓಡಿಹೋಗಿ ಒಲೆ ಆರಿಸಿದರು.

ಆ ಹುಡುಗ ದೊಡ್ಡ ಆಟಗಾರನೇನೂ ಆಗಲಿಲ್ಲ. ಕೆಲವು ವರ್ಷ ಎರಡನೆಯವನಾಗಿ ಬೆಂಚಿನಲ್ಲಿದ್ದ, ಕರೆದಾಗ ಎದ್ದು ಆಡಿದ, ಎರಡೂ ಭುಜ ನೆಟ್ಟಗಿಟ್ಟುಕೊಂಡು ಹೊರಬಂದ. ಈಗ ಮಕ್ಕಳಿಗೆ ಕಲಿಸುತ್ತಾನಂತೆ. ಮಾಸ್ತರು ಶಾಲೆಯಿಂದ ನಿವೃತ್ತರಾಗಿ ಊರಿಗೆ ಹೋದರು. ಹೋಗುವಾಗ ಟಿ.ವಿ.ಯ ಮೇಲೆ ಉಳಿದಿದ್ದ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆಯಲು ನೋಡಿದರು. ಇರ್ಲಿ ಬಿಡ್ರಿ ಎಂದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಮೂಡಬಿದಿರೆಗೆ ಫೋನು ಮಾಡಿದೆ. ಅವರ ಹೆಂಡತಿಯನ್ನು ನಾನು ನೋಡಿರಲಿಲ್ಲ. ಹೆಸರು ಹೇಳುವ ಮೊದಲೇ, ದೋಹಾದಿಂದ ಎಂದಷ್ಟಕ್ಕೇ ಆಕೆ, “ಅಕ್ಕ ಅಲ್ವಾ?” ಎಂದರು.

“ಮನೆಗೆ ಯಾರು ಬಂದ್ರೂ ಆ ಅಮೆರಿಕದ ಹುಡುಗನ ಕತೆ ಹೇಳುದು. ಕಂಡದ್ದು ನಾನಲ್ಲ, ಅಲ್ಲಿ ಒಬ್ಬರು ಅಕ್ಕ ಇದ್ದಾರೆ, ಅವರು ಅಂತ ಜಗಲಿಯಿಂದ ಕೈ ಮಾಡಿ ತೋರಿಸುದು. ಸಮುದ್ರದ ಕಡೆ ತೋರಿಸ್ತೇನೆ ಅಂತ ಅವರ ಲೆಕ್ಕ. ಬೆರಳು ಕಾರ್ಕಳದ ಕಡೆ ಹೋಗ್ತಿತ್ತು. ಬಂದವರೆಲ್ಲ ನಿಮ್ಮದು ಕಾರ್ಕಳ ಅಂತಲೇ ತಿಳ್ಕೊಂಡಿದ್ದಾರೆ.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೂ ಇಬ್ಬರೂ ಫೋನು ಇಡಲಿಲ್ಲ.